ಮುಂದಿನ ಬ್ರೇಕು ಹಿಡಿಯುತ್ತಿಲ್ಲವೇ? ಬಿಚ್ಚುವ ಮೊದಲು ಕಾರಣ ಹುಡುಕಿರಿ

ಹಳ್ಳಿಯಲ್ಲಿ ಮೋಟಾರ್ ಸೈಕಲ್ ಇರುವ ಮನೆಗೆ ಹೋಗಿ ಮುಂದಿನ ಬ್ರೇಕಿನ ಹಿಡಿಯನ್ನು ಒಮ್ಮೆ ಒತ್ತಿ ನೋಡಿರಿ. ಹತ್ತರಲ್ಲಿ ಅರ್ಧದಷ್ಟಾದರೂ ಹ್ಯಾಂಡಲಿಗೇ ಬಂದು ತಾಗುತ್ತವೆ. ‘ಇದೇನು, ಬ್ರೇಕೇ ಇಲ್ಲವಲ್ಲ?’ ಎಂದು ಕೇಳಿದರೆ ಬರುವ ಉತ್ತರವೂ ಒಂದೇ: ‘ಅದನ್ನ ಯಾರು ಹಿಡೀತಾರೆ ಬಿಡಿ, ಹಿಡಿದರೆ ಗಾಡಿ ಮಗುಚುತ್ತೆ. ಹಿಂದಿನದು ಚೆನ್ನಾಗಿದೆ.’

ನಮ್ಮ ಚಿಕ್ಕಪ್ಪನವರೂ ಇದೇ ಮಾತು ಹೇಳುತ್ತಿದ್ದರು. ಮಾಗಡಿ ಕಡೆಯವರು. ಹಳೆಯ ಯೆಜ್ಡಿ ಗಾಡಿ. ಹಿಂದೆ ಎರಡು ಪಕ್ಕಕ್ಕೂ 20 ಲೀಟರಿನ ಒಂದೊಂದು ಹಾಲಿನ ಕ್ಯಾನು ಕಟ್ಟಿಕೊಂಡು ಬೆಳಗಿನ ಜಾವ ಡೇರಿಗೆ ಹೋಗುವುದು ಅವರ ಕೆಲಸ. ಒಂದು ದಿನ ಇಳಿಜಾರಿನಲ್ಲಿ ಬೇಲಿ ಸಂದಿಯಿಂದ ಕರುವೊಂದು ರಸ್ತೆಗೆ ಹಾರಿತು. ಕಾಲಿನ ಬ್ರೇಕು ಒತ್ತಿದರು. ಹಿಂದಿನ ಚಕ್ರ ಕಟ್ಟಿಕೊಂಡು ಪಕ್ಕಕ್ಕೆ ಜಾರಿತು. ಕೈಬ್ರೇಕು ಹಿಡಿದರು, ಅದು ಹಿಡಿಯಲೇ ಇಲ್ಲ. ಕರು ಉಳಿಯಿತು. ಹಾಲು ರಸ್ತೆಯ ಪಾಲಾಯಿತು. ಚಿಕ್ಕಪ್ಪನವರ ಮುಂಗೈ ಮೂಳೆ ಮುರಿದು ಒಂದೂವರೆ ತಿಂಗಳು ಹಸುವಿನ ಮೊಲೆಗೆ ಕೈ ಹಾಕಲಾಗಲಿಲ್ಲ.

ದುಃಖದ ಸಂಗತಿ ಎಂದರೆ, ಅದಕ್ಕೆ ಮೊದಲು ಎರಡು ಸಲ ಆ ಬ್ರೇಕಿಗೆ ಹೊಸ ಶೂ ಹಾಕಿಸಿದ್ದರು. ದುಡ್ಡು ಕೊಟ್ಟಿದ್ದರು. ಆದರೆ ದೋಷ ಶೂಗಳಲ್ಲಿ ಇರಲೇ ಇಲ್ಲ.

ದೋಷ ಎಲ್ಲಿತ್ತು ಎಂಬುದು ತಿಳಿದದ್ದು ರಾಜಾಜಿನಗರದಲ್ಲಿ. ಮಾಗಡಿ ರಸ್ತೆಯಲ್ಲಿ ತಾವರೆಕೆರೆ, ಸುಂಕದಕಟ್ಟೆ, ಕಾಮಾಕ್ಷಿಪಾಳ್ಯ ದಾಟಿ ಬಂದರೆ ರಾಜಾಜಿನಗರದ ಕೈಗಾರಿಕಾ ಪ್ರದೇಶ ಸಿಗುತ್ತದೆ. ಅಲ್ಲಿನ ಅಡ್ಡರಸ್ತೆಗಳಲ್ಲಿ ಲೇತು, ವೆಲ್ಡಿಂಗು, ಗ್ರೈಂಡಿಂಗು ಮಾಡುವ ಸಣ್ಣ ಸಣ್ಣ ಷೆಡ್ಡುಗಳು ಸಾಲಾಗಿವೆ. ಅಂಥ ಒಂದು ಓಣಿಯಲ್ಲಿ ಹಳೆಯ ಗಾಡಿಗಳನ್ನೇ ನೋಡಿಕೊಳ್ಳುವ ವಯಸ್ಸಾದ ಮೇಸ್ತ್ರಿಯೊಬ್ಬರ ಬಳಿ ಗಾಡಿ ಒಯ್ದೆವು. ಚಿಕ್ಕಪ್ಪ, ‘ಶೂ ಬದಲಾಯಿಸಪ್ಪಾ’ ಎಂದರು. ಮೇಸ್ತ್ರಿ ಸ್ಪಾನರು ಮುಟ್ಟಲಿಲ್ಲ. ‘ತಡೀರಿ ಯಜಮಾನ್ರೇ, ಮೊದಲು ಕಾಯಿಲೆ ಏನು ಅಂತ ನೋಡೋಣ, ಔಷಧಿ ಆಮೇಲೆ’ ಎಂದು ಗಾಡಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತರು.

ಆ ದಿನ ಅವರು ನೋಡಿದ ಕ್ರಮವನ್ನೇ ಇಲ್ಲಿ ವಿವರಿಸಿದೆ. ಬಹುಪಾಲು ಪರೀಕ್ಷೆಗಳನ್ನು ನೀವು ಮನೆಯಂಗಳದಲ್ಲಿಯೇ ಮಾಡಬಹುದು. ಖರ್ಚಿಲ್ಲ.

ಮುಂದಿನ ಬ್ರೇಕು ಏಕೆ ಮುಖ್ಯ?

ಓಡುವ ಗಾಡಿ ನಿಲ್ಲುವಾಗ ಅದರ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಬಸ್ಸು ಬ್ರೇಕು ಹಾಕಿದಾಗ ನಿಂತ ಪ್ರಯಾಣಿಕರು ಮುಂದಕ್ಕೆ ಮುಗ್ಗರಿಸುವ ಹಾಗೆ. ಆಗ ಮುಂದಿನ ಚಕ್ರ ರಸ್ತೆಯನ್ನು ಗಟ್ಟಿಯಾಗಿ ಒತ್ತಿ ಹಿಡಿಯುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ. ಹಗುರವಾದ ಚಕ್ರಕ್ಕೆ ಬ್ರೇಕು ಹಾಕಿದರೆ ಅದು ಜಾರುತ್ತದೆಯೇ ಹೊರತು ಗಾಡಿಯನ್ನು ನಿಲ್ಲಿಸುವುದಿಲ್ಲ. ಒಣಗಿದ ಟಾರು ರಸ್ತೆಯಲ್ಲಿ ಗಾಡಿಯನ್ನು ಬೇಗ ನಿಲ್ಲಿಸುವ ಶಕ್ತಿಯಲ್ಲಿ ಹೆಚ್ಚಿನ ಪಾಲು ಮುಂದಿನ ಬ್ರೇಕಿನದೇ.

ಒಂದು ಲೆಕ್ಕ ಹಾಕೋಣ. ಗಂಟೆಗೆ 40 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 11 ಮೀಟರ್. ಎರಡೂ ಬ್ರೇಕು ಚೆನ್ನಾಗಿದ್ದು ಸೆಕೆಂಡಿಗೆ 6 ಮೀಟರಿನಂತೆ ವೇಗ ಇಳಿಸಬಲ್ಲ ಗಾಡಿ ಸುಮಾರು 10 ಮೀಟರಿನಲ್ಲಿ ನಿಲ್ಲುತ್ತದೆ. ಹಿಂದಿನ ಬ್ರೇಕಿನಿಂದಲೇ ನಿಲ್ಲಿಸಲು ಹೊರಟು ಅದರ ಅರ್ಧದಷ್ಟು ಮಾತ್ರ ಸಾಧ್ಯವಾದರೆ 20 ಮೀಟರ್ ಬೇಕು. ಕಣ್ಣು ಕಂಡು ಕೈ ಒತ್ತುವ ಹೊತ್ತಿಗೆ ಸರಿಯುವ ದೂರ ಇದಕ್ಕೆ ಸೇರಿಲ್ಲ. ಒಂದು ಸೆಕೆಂಡು ತಡವಾದರೆ ಇನ್ನೂ 11 ಮೀಟರ್. ವೇಗ 60ಕ್ಕೆ ಏರಿದರೆ ಅದೇ 10 ಮೀಟರ್ 23 ಆಗುತ್ತದೆ, 20 ಮೀಟರ್ 46 ಆಗುತ್ತದೆ. ಕರುವೋ ಮಗುವೋ ಅಡ್ಡ ಬಂದಾಗ ಬದುಕಿಗೂ ಸಾವಿಗೂ ನಡುವೆ ಇರುವುದು ಈ ಅಂತರವೇ.

ಹೊರೆಯ ಮಾತು ಬೇರೆ. ಎರಡು ಕ್ಯಾನಿನ ಹಾಲೇ ಸುಮಾರು 41 ಕಿಲೋ ತೂಗುತ್ತದೆ. ಕ್ಯಾನಿನ ತೂಕ ಪ್ರತ್ಯೇಕ. ದುರ್ಬಲವಾದ ಬ್ರೇಕಿಗೆ ಇರುವ ಶಕ್ತಿ ಇಷ್ಟೇ ಎಂದು ನಿಗದಿಯಾಗಿರುತ್ತದೆ. ಹೊರೆ ಹೆಚ್ಚಿದಷ್ಟೂ ನಿಲ್ಲುವ ದೂರ ಹೆಚ್ಚುತ್ತದೆ. ಇಳಿಜಾರಿನಲ್ಲಿ ಇನ್ನೂ ಕಷ್ಟ. ಜಾವಾ, ಯೆಜ್ಡಿ, ರಾಜ್‌ದೂತ್, ಆರ್‌ಎಕ್ಸ್ 100ರಂಥ ಟೂ ಸ್ಟ್ರೋಕ್ ಗಾಡಿಗಳಲ್ಲಿ ಥ್ರಾಟಲ್ ಬಿಟ್ಟಾಗ ಎಂಜಿನ್ನೇ ಗಾಡಿಯನ್ನು ಹಿಡಿದು ನಿಲ್ಲಿಸುವ ಗುಣ ಕಡಿಮೆ. ಆ ಹೊರೆಯೂ ಬ್ರೇಕಿನ ಮೇಲೆಯೇ ಬೀಳುತ್ತದೆ.

ನಮ್ಮಲ್ಲಿ ಇಂಥ ಗಾಡಿಗಳು ಇನ್ನೂ ಬಹಳ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ ಗಾಡಿಗಳನ್ನೂ 1973ರಿಂದ ಯೆಜ್ಡಿ ಹೆಸರಿನ ಗಾಡಿಗಳನ್ನೂ ತಯಾರಿಸಿ 1996ರಲ್ಲಿ ಮುಚ್ಚಿತು. ಆರ್‌ಎಕ್ಸ್ 100 ಮತ್ತು ಹೀರೋ ಹೋಂಡಾ ಸಿಡಿ 100 ಬಂದದ್ದು 1985ರಲ್ಲಿ. ಈಗಿನ ಹೊಸ ಗಾಡಿಗಳಿಗೆ ಕಾನೂನಿನ ರಕ್ಷಣೆ ಇದೆ: 2019ರ ಏಪ್ರಿಲ್ 1ರಿಂದ 125 ಸಿ.ಸಿ. ಮೀರಿದ ದ್ವಿಚಕ್ರ ವಾಹನಗಳಿಗೆ ಚಕ್ರ ಕಟ್ಟಿಕೊಳ್ಳದಂತೆ ತಡೆಯುವ ಎಬಿಎಸ್, ಅದಕ್ಕಿಂತ ಸಣ್ಣವಕ್ಕೆ ಎರಡೂ ಬ್ರೇಕು ಒಟ್ಟಿಗೆ ಹಿಡಿಯುವ ಸಿಬಿಎಸ್ ವ್ಯವಸ್ಥೆಯಾದರೂ ಇರಬೇಕೆಂದು ಕಡ್ಡಾಯವಾಯಿತು. ಹಳೆಯ ಗಾಡಿಗೆ ಅದಾವುದೂ ಇಲ್ಲ. ಅದರ ರಕ್ಷಣೆ ಒಡೆಯನ ಕೈಯಲ್ಲೇ ಇದೆ.

ಒಳಗೆ ನಡೆಯುವುದೇನು?

ಇಳಿಜಾರಿನಲ್ಲಿ ಎತ್ತಿನ ಗಾಡಿಯ ಚಕ್ರದ ಪಟ್ಟಿಗೆ ಮರದ ತುಂಡು ಒತ್ತುವುದನ್ನು ನೀವು ನೋಡಿದ್ದೀರಿ. ಡ್ರಮ್ ಬ್ರೇಕು ಅದೇ ತತ್ತ್ವದ್ದು. ಒತ್ತುವುದು ಹೊರಗಿನಿಂದಲ್ಲ, ಒಳಗಿನಿಂದ. ಕೈಹಿಡಿಯನ್ನು ಒತ್ತಿದಾಗ ಕೇಬಲ್ಲಿನ ಒಳತಂತಿ ಎಳೆಯುತ್ತದೆ. ತಂತಿ ಚಕ್ರದ ಪಕ್ಕದ ಪ್ಲೇಟಿನ ಮೇಲಿರುವ ಸಣ್ಣ ತೋಳನ್ನು ಎಳೆಯುತ್ತದೆ. ತೋಳು ತಿರುಗಿದಾಗ ಒಳಗಿನ ಕ್ಯಾಮ್ ತಿರುಗಿ ಅರ್ಧಚಂದ್ರಾಕಾರದ ಎರಡು ಶೂಗಳನ್ನು ಅಗಲಿಸುತ್ತದೆ. ಶೂಗಳಿಗೆ ಅಂಟಿಸಿದ ಲೈನಿಂಗ್ ಡ್ರಮ್ಮಿನ ಒಳಗೋಡೆಗೆ ಉಜ್ಜಿ ಚಕ್ರ ನಿಲ್ಲುತ್ತದೆ. ಕೈ ಬಿಟ್ಟರೆ ಸ್ಪ್ರಿಂಗುಗಳು ಶೂಗಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತವೆ.

ಹಿಡಿ, ಕೇಬಲ್, ತೋಳು, ಕ್ಯಾಮ್, ಶೂ, ಡ್ರಮ್: ಇದು ಆರು ಕೊಂಡಿಗಳ ಸರಪಳಿ. ಯಾವ ಕೊಂಡಿ ಸಡಿಲವಾದರೂ ಬ್ರೇಕು ಹಿಡಿಯುವುದಿಲ್ಲ. ನಾವು ಮಾತ್ರ ಪ್ರತಿ ಸಲವೂ ಐದನೆಯ ಕೊಂಡಿಯನ್ನೇ ಬದಲಾಯಿಸುತ್ತೇವೆ.

ಬಿಚ್ಚದೆಯೇ ಮಾಡುವ ನಾಲ್ಕು ಪರೀಕ್ಷೆಗಳು

ಮೊದಲನೆಯದು, ತಳ್ಳುವ ಪರೀಕ್ಷೆ. ಎಂಜಿನ್ ನಿಲ್ಲಿಸಿ, ಸಮನಾದ ನೆಲದ ಮೇಲೆ ಗಾಡಿಯ ಪಕ್ಕ ನಡೆಯುತ್ತ ತಳ್ಳಿರಿ. ಮುಂದಿನ ಹಿಡಿಯನ್ನು ಗಟ್ಟಿಯಾಗಿ ಒತ್ತಿರಿ. ಆರೋಗ್ಯವಾದ ಬ್ರೇಕಾದರೆ ಚಕ್ರ ಅಲ್ಲೇ ನಿಂತು ಮುಂದಿನ ಫೋರ್ಕು ಕುಗ್ಗಬೇಕು. ಹಿಡಿ ಒತ್ತಿದ್ದರೂ ಗಾಡಿ ಉರುಳುತ್ತಿದ್ದರೆ ರಸ್ತೆಗೆ ತರಬೇಡಿರಿ.

ಎರಡನೆಯದು, ಕೈಯ ಪರೀಕ್ಷೆ. ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮುಂದಿನ ಚಕ್ರ ನೆಲ ಬಿಡುವಂತೆ ಎಂಜಿನ್ನಿನ ಕೆಳಗೆ ಮರದ ದಿಮ್ಮಿ ಕೊಡಿರಿ. ಚಕ್ರವನ್ನು ತಿರುಗಿಸುತ್ತ ಹಿಡಿಯನ್ನು ನಿಧಾನವಾಗಿ ಒತ್ತಿರಿ. ಲೈನಿಂಗ್ ಡ್ರಮ್ಮಿಗೆ ತಾಗುವ ಸದ್ದು ಎಲ್ಲಿ ಕೇಳುತ್ತದೆ ನೋಡಿರಿ. ಅದಕ್ಕೆ ಮೊದಲು ಹಿಡಿ ಬಹಳ ದೂರ ಬಂದರೆ ಸಡಿಲ ಹೆಚ್ಚಿದೆ ಎಂದರ್ಥ. ಸರಿಯಾದ ಜಾಗದಲ್ಲೇ ತಾಗಿ, ತಾಗಿದ ಮೇಲೂ ಹಿಡಿ ಹಿಟ್ಟಿನ ಮುದ್ದೆ ಒತ್ತಿದಂತೆ ಮೆತ್ತಗೆ ಒಳಕ್ಕೆ ಹೋಗುತ್ತಿದ್ದರೆ ದೋಷ ಕೇಬಲ್ಲಿನಲ್ಲೋ ಶೂಗಳ ಆಕಾರದಲ್ಲೋ ಇದೆ. ಹಿಡಿ ಕಲ್ಲಿನಂತೆ ಗಟ್ಟಿಯಾಗಿದ್ದು ಚಕ್ರ ಮಾತ್ರ ನಿಲ್ಲದಿದ್ದರೆ ಲೈನಿಂಗ್ ಹೊಳಪು ಬಂದಿದೆ, ಎಣ್ಣೆ ಹಿಡಿದಿದೆ ಅಥವಾ ಕೇಬಲ್, ಕ್ಯಾಮ್‌ಗಳು ತುಕ್ಕು ಹಿಡಿದು ಬಿಗಿದಿವೆ.

ಮೂರನೆಯದು, ಕಣ್ಣಿನ ಪರೀಕ್ಷೆ. ಇದಕ್ಕೆ ಇಬ್ಬರು ಬೇಕು. ಒಬ್ಬರು ಹಿಡಿ ಒತ್ತಲಿ. ನೀವು ಕೆಳಗೆ ಕುಳಿತು ತೋಳನ್ನು ನೋಡಿರಿ. ಹಿಡಿ ಅಲುಗಿದ ಕೂಡಲೇ ತೋಳೂ ಅಲುಗಬೇಕು. ಶೂ ತಾಗಿ ತೋಳು ನಿಂತ ಮೇಲೂ ಹಿಡಿ ಒಳಕ್ಕೆ ಹೋಗುತ್ತಲೇ ಇದ್ದರೆ ಕೇಬಲ್ಲಿನ ಹೊರಕೊಳವೆ ಕುಗ್ಗುತ್ತಿದೆ. ಮಧ್ಯದಲ್ಲಿ ಕೇಬಲ್ ಬಾಗಿದ ಜಾಗ ಹಾವಿನಂತೆ ಹೊರಳುತ್ತಿದ್ದರೆ ನಿಮ್ಮ ಕೈಯ ಬಲವೆಲ್ಲ ಅಲ್ಲಿಯೇ ಸೋರಿಹೋಗುತ್ತಿದೆ.

ಇದೇ ಹೊತ್ತಿಗೆ ಇನ್ನೊಂದನ್ನೂ ಗಮನಿಸಿರಿ. ಬ್ರೇಕು ಗಟ್ಟಿಯಾಗಿ ಹಿಡಿದಾಗ ಕೇಬಲ್ಲಿಗೂ ತೋಳಿಗೂ ನಡುವಿನ ಕೋನ ಹೆಚ್ಚುಕಡಿಮೆ ಲಂಬಕೋನವಾಗಿರಬೇಕು, ಗೋಡೆ ಮತ್ತು ನೆಲ ಸೇರಿದಂತೆ. ತೋಳು ಅದನ್ನು ದಾಟಿ ಬಹಳ ಮೇಲಕ್ಕೆ ಹೋಗಿದ್ದರೆ ಎಳೆತದ ಬಲ ವ್ಯರ್ಥವಾಗುತ್ತದೆ. ಏತದ ಕಂಬದ ತುದಿಗೆ ಹಗ್ಗ ಕಟ್ಟಿ ಕಂಬದುದ್ದಕ್ಕೇ ಎಳೆದರೆ ನೀರು ಬರುತ್ತದೆಯೇ?

ನಾಲ್ಕನೆಯದು, ಬೇರ್ಪಡಿಸುವ ಪರೀಕ್ಷೆ. ಕೇಬಲ್ಲಿನ ಕೆಳತುದಿಯನ್ನು ತೋಳಿನಿಂದ ಬಿಡಿಸಿರಿ. ಒಳತಂತಿಯನ್ನು ಹಿಂದೆ ಮುಂದೆ ಎಳೆದು ನೋಡಿರಿ. ಕೆರೆಯುವ ಅನುಭವವಾದರೆ ಕೇಬಲ್ ರೋಗಿ. ಬಳಿಕ ತೋಳನ್ನು ಕೈಯಿಂದಲೇ ತಿರುಗಿಸಿ ಬಿಡಿರಿ. ಅದು ‘ಟಕ್’ ಎಂದು ಸ್ವಸ್ಥಾನಕ್ಕೆ ಮರಳಬೇಕು. ಸೋಮಾರಿಯಾಗಿ ಮರಳಿದರೆ ಕ್ಯಾಮ್ ಒಣಗಿದೆ.

ಚಿಕ್ಕಪ್ಪನವರ ಗಾಡಿ ಮೂರನೆಯ ಮತ್ತು ನಾಲ್ಕನೆಯ ಪರೀಕ್ಷೆಗಳೆರಡರಲ್ಲೂ ಸೋತಿತು. ಮೇಸ್ತ್ರಿ ನಕ್ಕು, ‘ಯಜಮಾನ್ರೇ, ನಿಮ್ಮ ಶೂ ಪಾಪ ಏನು ಮಾಡಿತು? ನಿಮ್ಮ ಕೈಯ ಮಾತು ಅದಕ್ಕೆ ತಲುಪೇ ಇಲ್ಲ’ ಎಂದರು.

ಕೇಬಲ್ಲಿನ ಚಿಕಿತ್ಸೆ

ತಂತಿಯ ಎಳೆ ಒಂದಾದರೂ ಕಿತ್ತಿದ್ದರೆ, ನಿಪ್ಪಲ್ಲಿನ ಬಳಿ ಬಿರುಕು ಬಿಟ್ಟಿದ್ದರೆ ಅಥವಾ ಹೊರಕೊಳವೆ ಒಡೆದು ಒಳಗಿನ ಸುರುಳಿ ಕಾಣುತ್ತಿದ್ದರೆ ಹೊಸ ಕೇಬಲ್ ಹಾಕಿರಿ. ಇಲ್ಲಿ ಉಳಿತಾಯ ಬೇಡ. ನಿಮ್ಮ ಮಾದರಿಯದೇ ಕೇಬಲ್ ತನ್ನಿರಿ. ಉದ್ದ ಹೆಚ್ಚಾದರೆ ಬಾಗುಗಳು ಹೆಚ್ಚುತ್ತವೆ, ಬಾಗು ಹೆಚ್ಚಿದಷ್ಟೂ ಬಲ ಸೋರುತ್ತದೆ. ಹ್ಯಾಂಡಲನ್ನು ಎರಡೂ ಪಕ್ಕಕ್ಕೆ ಪೂರ್ತಿ ತಿರುಗಿಸಿದಾಗ ಕೇಬಲ್ ಎಲ್ಲಿಯೂ ಬಿಗಿಯಬಾರದು, ಸಿಕ್ಕಿಕೊಳ್ಳಬಾರದು.

ಕೇಬಲ್ ಚೆನ್ನಾಗಿದ್ದು ಒಣಗಿದ್ದರೆ ಹೀಗೆ ಮಾಡಿರಿ. ಅದನ್ನು ಬಿಚ್ಚಿ ಕೊಟ್ಟಿಗೆಯ ಜಂತೆಗೆ ನೇತುಹಾಕಿರಿ. ಮೇಲಿನ ತುದಿಗೆ ಪ್ಲಾಸ್ಟಿಕ್ ಹಾಳೆಯನ್ನು ಆಲಿಕೆಯಂತೆ ಸುತ್ತಿ ಬಿಗಿಯಾಗಿ ಕಟ್ಟಿರಿ. ಅದರಲ್ಲಿ ತೆಳುವಾದ ಎಂಜಿನ್ ಆಯಿಲ್ಲನ್ನು ಒಂದು ಚಮಚದಷ್ಟು ಹಾಕಿ ರಾತ್ರಿಯಿಡೀ ಬಿಡಿರಿ. ಬೆಳಗಾಗುವ ಹೊತ್ತಿಗೆ ಕೆಳತುದಿಯಲ್ಲಿ ಎಣ್ಣೆ ತೊಟ್ಟಿಕ್ಕುತ್ತಿರಬೇಕು. ಮೊದಲು ಬರುವ ತೊಟ್ಟು ತುಕ್ಕಿನ ಬಣ್ಣದ್ದಾಗಿರುತ್ತದೆ. ಶುದ್ಧ ಎಣ್ಣೆ ಬರುವವರೆಗೂ ತಂತಿಯನ್ನು ಆಡಿಸುತ್ತ ಮುಂದುವರಿಸಿರಿ. ಒಳಗೆ ನೈಲಾನ್ ಪದರವಿರುವ ಕೇಬಲ್ಲುಗಳಿಗೆ ಎಣ್ಣೆ ಬೇಡವೆಂದು ತಯಾರಕರು ಹೇಳಿರುತ್ತಾರೆ. ಅಂಥವನ್ನು ಹಾಗೆಯೇ ಬಿಡಿರಿ.

ಅಡುಗೆಮನೆಯ ಎಣ್ಣೆ ಮಾತ್ರ ಹಾಕಬೇಡಿರಿ. ಕಡಲೆಕಾಯಿ ಎಣ್ಣೆ ದಿನ ಕಳೆದಂತೆ ಅಂಟಾಗುತ್ತದೆ. ಕೊಬ್ಬರಿ ಎಣ್ಣೆ ಮಾಗಿಯ ಚಳಿಯಲ್ಲಿ ಸೀಸೆಯೊಳಗೇ ಗಟ್ಟಿಯಾಗುವುದನ್ನು ಎಲ್ಲರೂ ಬಲ್ಲರು. ಕೇಬಲ್ಲಿನೊಳಗೂ ಅದು ಹಾಗೆಯೇ ಗಟ್ಟಿಯಾಗುತ್ತದೆ. ನೀವು ಹಾಲು ಹೇರಿಕೊಂಡು ಹೊರಡುವುದೂ ಅದೇ ಚಳಿಯ ಹೊತ್ತಿನಲ್ಲಿ.

ಸಡಿಲ ಸರಿಪಡಿಸುವುದು

ಹಿಡಿಯ ತುದಿಯಲ್ಲಿ ಅಳೆದಾಗ ಸುಮಾರು 10ರಿಂದ 20 ಮಿಲಿಮೀಟರ್ ಸಡಿಲ ಇರಬೇಕು. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಅನುಸರಿಸಿರಿ. ಕೆಳಗಿನ ನಟ್ಟಿನಿಂದ ಮೊದಲು ಹೊಂದಿಸಿ, ಮೇಲೆ ಹಿಡಿಯ ಬಳಿ ಇರುವ ಸ್ಕ್ರೂವನ್ನು ಸಣ್ಣಪುಟ್ಟ ತಿದ್ದುಪಡಿಗೆ ಇಟ್ಟುಕೊಳ್ಳಿರಿ. ಹೊಂದಿಸಿದ ಮೇಲೆ ಚಕ್ರ ತಿರುಗಿಸಿ ನೋಡಿರಿ, ಉಜ್ಜದೆ ತಿರುಗಬೇಕು. ಬಿಗಿ ಹೆಚ್ಚಾದರೆ ಡ್ರಮ್ ಕಾದು, ಕಾದ ಡ್ರಮ್ಮಿನಲ್ಲಿ ಬ್ರೇಕಿನ ಶಕ್ತಿ ಇನ್ನೂ ಕುಂದುತ್ತದೆ.

ಹೆಚ್ಚಿನವರಿಗೆ ತಿಳಿಯದ ಒಂದು ಉಪಾಯವನ್ನು ಮೇಸ್ತ್ರಿ ಹೇಳಿಕೊಟ್ಟರು. ಮುಂದಿನ ಆಕ್ಸಲ್ ನಟ್ಟನ್ನು ತುಸು ಸಡಿಲಿಸಿ, ಚಕ್ರವನ್ನು ತಿರುಗಿಸಿ, ಬ್ರೇಕನ್ನು ಬಲವಾಗಿ ಒತ್ತಿ ಹಿಡಿಯಿರಿ. ಹಿಡಿದ ಕೈ ಬಿಡದೆ ಇನ್ನೊಬ್ಬರಿಂದ ಆಕ್ಸಲ್ ನಟ್ಟು ಬಿಗಿ ಮಾಡಿಸಿರಿ. ಹೀಗೆ ಮಾಡಿದರೆ ಎರಡೂ ಶೂಗಳು ಡ್ರಮ್ಮಿಗೆ ಸಮನಾಗಿ ತಾಗುವಂತೆ ಪ್ಲೇಟು ತಾನಾಗಿ ನಡುವಿಗೆ ಕೂರುತ್ತದೆ. ಪಂಕ್ಚರ್ ಹಾಕಿಸಿದ ಮೇಲೆ ಬ್ರೇಕು ಮೊದಲಿನಂತಿಲ್ಲ ಎಂದು ದೂರುವವರು ಇದನ್ನೊಮ್ಮೆ ಮಾಡಿ ನೋಡಬೇಕು.

ಬುಲೆಟ್ಟಿನ ಕೆಲವು ಮಾದರಿಗಳಲ್ಲಿ ಮುಂದಿನ ಬ್ರೇಕಿಗೆ ಎರಡು ಕ್ಯಾಮ್, ಎರಡು ತೋಳು, ಅವನ್ನು ಸೇರಿಸುವ ಒಂದು ಕಂಬಿ ಇರುತ್ತದೆ. ಆ ಕಂಬಿಯ ಉದ್ದ ತಪ್ಪಿದರೆ ಒಂದು ಶೂ ಮಾತ್ರ ಕೆಲಸ ಮಾಡಿ ಇನ್ನೊಂದು ಸುಮ್ಮನೆ ಕೂರುತ್ತದೆ. ಎರಡೂ ಶೂಗಳು ಒಂದೇ ಹೊತ್ತಿಗೆ ತಾಗುವಂತೆ ಹೊಂದಿಸುವುದೇ ಆ ಬ್ರೇಕಿನ ಗುಟ್ಟು.

ಬಿಚ್ಚಿದಾಗ ಮೊದಲ ಎಚ್ಚರಿಕೆ: ಧೂಳು

ಇಷ್ಟಾದರೂ ಬ್ರೇಕು ಹಿಡಿಯದಿದ್ದರೆ ಚಕ್ರ ಕಳಚಬೇಕು. ಆಗ ಡ್ರಮ್ಮಿನಲ್ಲಿ ಕಪ್ಪು ಧೂಳು ಕಾಣುತ್ತದೆ. ಬಾಯಿಂದ ಊದುವುದು, ಪಂಕ್ಚರ್ ಅಂಗಡಿಯ ಗಾಳಿ ಬಿಡುವುದು ಎಲ್ಲರ ಅಭ್ಯಾಸ. ಇದನ್ನು ಇಂದೇ ಬಿಡಿರಿ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಬೆರೆಸಿರುತ್ತಿದ್ದರು. ಅದರ ಸೂಕ್ಷ್ಮ ಎಳೆಗಳು ಉಸಿರಿನಲ್ಲಿ ಒಳಹೊಕ್ಕರೆ ಶ್ವಾಸಕೋಶದ ಘೋರ ಕಾಯಿಲೆಗಳು, ಕ್ಯಾನ್ಸರ್ ಕೂಡ, ಹತ್ತಾರು ವರ್ಷಗಳ ಬಳಿಕ ಕಾಣಿಸಿಕೊಳ್ಳುತ್ತವೆ. ಮೂಗು ಬಾಯಿ ಮುಚ್ಚಿಕೊಂಡು, ಒದ್ದೆ ಬಟ್ಟೆಯಿಂದ ಧೂಳನ್ನು ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ಮಕ್ಕಳನ್ನು ದೂರವಿಡಿರಿ.

ಶೂ ಮತ್ತು ಕ್ಯಾಮ್

ಲೈನಿಂಗ್ ಎಲ್ಲಿ ತೆಳುವಾಗಿದೆಯೋ ಅಲ್ಲಿ ಅಳೆಯಿರಿ. ಸಾಮಾನ್ಯವಾಗಿ 2 ಮಿಲಿಮೀಟರಿಗಿಂತ ಕಡಿಮೆಯಾದರೆ, ಅಥವಾ ರಿವೆಟ್ಟಿನ ತಲೆ ಮೇಲ್ಮೈಗೆ ಹತ್ತಿರ ಬಂದಿದ್ದರೆ ಬದಲಾಯಿಸಬೇಕು.

ದಪ್ಪ ಸಾಕಷ್ಟಿದ್ದು ಮೇಲ್ಮೈ ಗಾಜಿನಂತೆ ಹೊಳೆಯುತ್ತಿದ್ದರೆ ಶೂ ಕೆಟ್ಟಿಲ್ಲ. ಹೊಳಪು ತೆಗೆದರೆ ಸಾಕು. ಲೈನಿಂಗನ್ನು ಒದ್ದೆ ಮಾಡಿಕೊಂಡು ಒರಟು ಎಮರಿ ಕಾಗದದಿಂದ ಮೇಲ್ಪದರ ಹೋಗುವಷ್ಟು ಉಜ್ಜಿ, ಚೆನ್ನಾಗಿ ಒಣಗಿಸಿರಿ. ಒಣಗಿದ್ದಾಗ ಉಜ್ಜಬೇಡಿರಿ, ಕಾರಣ ಮೇಲೆ ಹೇಳಿದೆ.

ಲೈನಿಂಗ್ ಎಣ್ಣೆ ಕುಡಿದಿದ್ದರೆ ಅದನ್ನು ಎಸೆಯಿರಿ. ಪೆಟ್ರೋಲ್ ಸುರಿದು ಬೆಂಕಿ ಹಚ್ಚಿ ಎಣ್ಣೆ ‘ಸುಡುವ’ ಪದ್ಧತಿ ಕೆಲವೆಡೆ ಇದೆ. ಅದು ಅಪಾಯ, ಫಲವೂ ಇಲ್ಲ. ಬ್ರೇಕು ಕಾದ ಕೂಡಲೇ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಹೊಸ ಶೂ ಹಾಕುವ ಮೊದಲು ಎಣ್ಣೆ ಎಲ್ಲಿಂದ ಬಂತು ಎಂಬುದನ್ನು ಕಂಡುಹಿಡಿಯಿರಿ. ಬೇರಿಂಗಿಗೆ ತುರುಕಿದ ಹೆಚ್ಚು ಗ್ರೀಸು, ಸವೆದ ಸೀಲು, ಸ್ಪೀಡೋಮೀಟರಿನ ಗೇರು, ಸೋರುವ ಫೋರ್ಕಿನ ಎಣ್ಣೆ ಇವುಗಳಲ್ಲಿ ಒಂದು ಕಾರಣವಾಗಿರುತ್ತದೆ. ಅದನ್ನು ನಿಲ್ಲಿಸದಿದ್ದರೆ ಹೊಸ ಶೂಗಳೂ ತಿಂಗಳೊಪ್ಪತ್ತಿನಲ್ಲಿ ಅದೇ ದಾರಿ ಹಿಡಿಯುತ್ತವೆ.

ಕ್ಯಾಮ್ ಕೀಳುವ ಮೊದಲು ತೋಳು ಮತ್ತು ಕ್ಯಾಮ್ ಸೇರುವ ಜಾಗದಲ್ಲಿ ಒಂದು ಗುರುತು ಮಾಡಿಕೊಳ್ಳಿರಿ. ಕ್ಯಾಮನ್ನು ತೆಗೆದು ಒಣಗಿದ ಗ್ರೀಸು, ತುಕ್ಕು ಒರೆಸಿ, ಶಾಖ ತಡೆಯುವ ಗ್ರೀಸನ್ನು ಬೆರಳ ತುದಿಯಷ್ಟು ಮಾತ್ರ ಸವರಿರಿ. ಹೆಚ್ಚು ಹಾಕಿದರೆ ಅದು ಕರಗಿ ಲೈನಿಂಗಿಗೇ ಬರುತ್ತದೆ.

ಚಿಕ್ಕಪ್ಪನವರ ಗಾಡಿಯಲ್ಲಿ ಕಂಡ ಮುಖ್ಯ ತಪ್ಪು ಇಲ್ಲಿಯೇ ಇತ್ತು. ಹಿಂದೆ ಯಾರೋ ಸಡಿಲ ಹೆಚ್ಚಾಯಿತೆಂದು ತೋಳನ್ನು ಕಿತ್ತು ಎರಡು ಹಲ್ಲು ಹಿಂದಕ್ಕೆ ಸರಿಸಿ ಕೂರಿಸಿದ್ದರು. ಹಿಡಿ ಬಿಗಿಯಾದಂತೆ ಕಂಡಿತು. ಆದರೆ ಕೋನ ಕೆಟ್ಟು ಬಲ ಅರ್ಧವಾಯಿತು. ಹೊಸ ಶೂ ಹಾಕಿದವರೂ ತೋಳನ್ನು ಮೊದಲಿನ ಜಾಗಕ್ಕೆ ತರಲಿಲ್ಲ. ಸಡಿಲವನ್ನು ನಟ್ಟಿನಿಂದ ಹಿಡಿಯಲಾಗದಿದ್ದರೆ ಅದು ಸವೆತದ ಸೂಚನೆ. ತೋಳು ಸರಿಸಿ ಅದನ್ನು ಮುಚ್ಚಿಹಾಕಬಾರದು. ಇನ್ನು ಕೆಲವರು ಶೂ ಮತ್ತು ಕ್ಯಾಮಿನ ನಡುವೆ ತಗಡಿನ ಚೂರು ತುರುಕುತ್ತಾರೆ. ಆ ಚೂರು ಜಾರಿ ಒಳಗೆ ಬಿದ್ದರೆ ಓಡುವಾಗಲೇ ಚಕ್ರ ಕಟ್ಟಿಕೊಳ್ಳುತ್ತದೆ. ಅಂಥ ಕೆಲಸಕ್ಕೆ ಒಪ್ಪಬೇಡಿರಿ.

ಹೊಸ ಶೂ ತಂದ ಕೂಡಲೇ ಹಾಕಬೇಡಿರಿ. ಡ್ರಮ್ಮಿನ ಒಳಗೋಡೆಗೆ ಸೀಮೆಸುಣ್ಣ ಸವರಿ, ಶೂ ಜೋಡಿಸಿ, ಬ್ರೇಕು ತುಸು ಒತ್ತಿ ಚಕ್ರ ತಿರುಗಿಸಿ, ಮತ್ತೆ ಬಿಚ್ಚಿ ನೋಡಿರಿ. ಸುಣ್ಣ ಹತ್ತಿದ ಜಾಗ ಮಾತ್ರ ತಾಗುತ್ತಿದೆ ಎಂದರ್ಥ. ತುದಿಯಲ್ಲಷ್ಟೇ ಅಥವಾ ನಡುವಿನಲ್ಲಷ್ಟೇ ಹತ್ತಿದ್ದರೆ ಆ ಉಬ್ಬನ್ನು ಉಜ್ಜಿ ತಗ್ಗಿಸಬೇಕು. ಲೇತಿನವರು ಶೂಗಳನ್ನು ಪ್ಲೇಟಿನ ಮೇಲೆಯೇ ಜೋಡಿಸಿ ಡ್ರಮ್ಮಿನ ಅಳತೆಗೆ ಸರಿಯಾಗಿ ತಿರುಗಿಸಿಕೊಡಬಲ್ಲರು. ಹಿಡಿ ಮೆತ್ತಗಿದೆ ಎಂಬ ದೂರಿಗೆ ಎಷ್ಟೋ ಸಲ ಇದೇ ಪರಿಹಾರ.

ಡ್ರಮ್ ಸರಿಯಿದೆಯೇ?

ಬ್ರೇಕು ಹಿಡಿದಾಗ ಕೈಗೆ ನಾಡಿ ಮಿಡಿದಂತೆ ತಟ್ಟುತ್ತಿದ್ದರೆ ಡ್ರಮ್ ದುಂಡಗಿಲ್ಲ. ಒಳಗೋಡೆಯಲ್ಲಿ ಉಗುರು ಸಿಕ್ಕಿಕೊಳ್ಳುವಂಥ ಗೀರುಗಳಿದ್ದರೂ ಲೇತಿಗೆ ಕೊಡಬೇಕು. ಅರಗಳಿರುವ ಚಕ್ರದಲ್ಲಿ ಒಂದು ಕ್ರಮ ತಪ್ಪಬಾರದು: ಮೊದಲು ಅರಗಳನ್ನು ಬಿಗಿಸಿ ಚಕ್ರದ ಓಲಾಟ ತೆಗೆಸಿ, ಆಮೇಲೆ ಡ್ರಮ್ ಕೆರೆಸಬೇಕು. ಅರಗಳ ಎಳೆತಕ್ಕೇ ಡ್ರಮ್ಮಿನ ಆಕಾರ ಸ್ವಲ್ಪ ಬದಲಾಗುತ್ತದೆ. ಕ್ರಮ ತಲೆಕೆಳಗಾದರೆ ಕೊಟ್ಟ ಕೂಲಿ ವ್ಯರ್ಥ.

ಕೆರೆಯುವುದಕ್ಕೂ ಮಿತಿಯಿದೆ. ಅನೇಕ ಗಾಡಿಗಳಲ್ಲಿ ಗರಿಷ್ಠ ಒಳವ್ಯಾಸವನ್ನು ಚಕ್ರದ ಮೇಲೆಯೇ ಅಚ್ಚೊತ್ತಿರುತ್ತಾರೆ. ಹೊಸದರಲ್ಲಿ 130 ಮಿಲಿಮೀಟರ್ ಇರುವ ಡ್ರಮ್ಮಿಗೆ ಸಾಮಾನ್ಯವಾಗಿ 131 ಗಡಿ. ಅದನ್ನು ದಾಟಿದ ಡ್ರಮ್ಮಿಗೆ ಹೊಸ ಶೂ ಹಾಕಿದರೂ ಕ್ಯಾಮ್ ಹೆಚ್ಚು ತಿರುಗಿ ಬಲ ಸಾಲದು. ಅಂಥ ಡ್ರಮ್ಮಿಗೆ ವಿದಾಯ ಹೇಳುವುದೇ ಲೇಸು.

ಜೋಡಿಸುವಾಗ ಒಂದು ಮಾತನ್ನು ಮರೆಯಬೇಡಿರಿ. ಬ್ರೇಕಿನ ಪ್ಲೇಟು ಫೋರ್ಕಿನ ಕಾಲಿಗೆ ಕಚ್ಚಿಕೊಳ್ಳುವ ಗುಬುಟೋ ಗಾಡಿಯೋ ಇರುತ್ತದೆ. ಕೆಲವು ಮಾದರಿಗಳಲ್ಲಿ ಬೇರೆ ಕಂಬಿ ಇರುತ್ತದೆ. ಅದು ಸರಿಯಾಗಿ ಕೂತಿದೆಯೇ ಎಂದು ಕಣ್ಣಾರೆ ನೋಡಿರಿ. ಕೂರದಿದ್ದರೆ ಬ್ರೇಕು ಹಿಡಿದ ಕೂಡಲೇ ಪ್ಲೇಟೇ ಸುತ್ತಿಕೊಂಡು ಸವಾರನನ್ನು ಎತ್ತಿ ಒಗೆಯುತ್ತದೆ. ಆಕ್ಸಲ್ ನಟ್ಟು, ಸ್ಪ್ಲಿಟ್ ಪಿನ್ನು ಇವನ್ನೂ ಎರಡು ಸಲ ನೋಡಿರಿ.

ಡಿಸ್ಕ್ ಬ್ರೇಕಿನ ಗಾಡಿಗಳು

2000ದ ಆಸುಪಾಸಿನಿಂದ ಬಂದ ಅನೇಕ ಗಾಡಿಗಳಲ್ಲಿ ಡಿಸ್ಕ್ ಬ್ರೇಕಿದೆ. ಅವೂ ಈಗ ಹಳೆಯವಾಗಿವೆ. ಅವುಗಳಲ್ಲಿ ಹಿಡಿ ಮೆತ್ತಗಾದರೆ ದ್ರವದಲ್ಲಿ ಗಾಳಿ ಸೇರಿದೆ. ದ್ರವ ಗಾಳಿಯ ತೇವವನ್ನು ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಮುಚ್ಚಳದ ಮೇಲೆ ಬರೆದಿರುವ ದರ್ಜೆಯ ದ್ರವವನ್ನೇ ಹಾಕಬೇಕು. ಎಂಜಿನ್ ಆಯಿಲ್ ಹಾಕಿದರೆ ರಬ್ಬರುಗಳು ಉಬ್ಬಿ ಬ್ರೇಕೇ ಹೋಗುತ್ತದೆ. ಈ ಕೆಲಸ ಬಲ್ಲವರಿಂದಲೇ ಆಗಲಿ.

ಸರಿಪಡಿಸಿದ ಮೇಲೆ

ಹೊಸ ಶೂ ಹೊಂದಿಕೊಳ್ಳಲು ಸಮಯ ಬೇಕು. ಹೊರೆಯಿಲ್ಲದೆ, ಬರಿದಾದ ರಸ್ತೆಯಲ್ಲಿ 40ರ ವೇಗದಿಂದ 10ಕ್ಕೆ ಇಳಿಯುವಂತೆ ಹದವಾಗಿ ಹತ್ತು ಸಲ ಬ್ರೇಕು ಹಿಡಿಯಿರಿ. ಪ್ರತಿ ಸಲದ ನಡುವೆ ಸ್ವಲ್ಪ ದೂರ ಓಡಿಸಿ ಆರಲು ಬಿಡಿರಿ. ಬಳಿಕ ಸಡಿಲವನ್ನು ಮತ್ತೊಮ್ಮೆ ಹೊಂದಿಸಿರಿ.

ಬೋರ್‌ವೆಲ್ಲಿನ ನೀರಿನ ಪೈಪನ್ನು ನೇರವಾಗಿ ಚಕ್ರದ ನಡುವಿಗೆ ಹಿಡಿದು ತೊಳೆಯಬೇಡಿರಿ. ತೊಳೆದ ಮೇಲೆ ಅಥವಾ ಹಳ್ಳ ದಾಟಿದ ಮೇಲೆ ಹಿಡಿಯನ್ನು ಹಗುರವಾಗಿ ಒತ್ತಿಕೊಂಡು ನಿಧಾನವಾಗಿ ಸ್ವಲ್ಪ ದೂರ ಓಡಿಸಿರಿ. ಒಳಗಿನ ನೀರು ಆರುತ್ತದೆ.

ಇನ್ನು ಆ ಹಳೆಯ ಭಯದ ಮಾತು. ಮುಂದಿನ ಬ್ರೇಕು ಹಿಡಿದರೆ ಮಗುಚುತ್ತದೆ ಎಂಬುದರಲ್ಲಿ ಸ್ವಲ್ಪ ಸತ್ಯವಿದೆ. ಮರಳು, ಜಲ್ಲಿ, ಕೆಸರು, ಸಗಣಿ ಇದ್ದಲ್ಲಿ ಹಾಗೂ ಹ್ಯಾಂಡಲು ತಿರುಗಿದ್ದಾಗ ಗಬಕ್ಕನೆ ಹಿಡಿದರೆ ಚಕ್ರ ಜಾರುತ್ತದೆ. ಸುಗ್ಗಿಯಲ್ಲಿ ರಾಗಿ, ಹುರುಳಿಯ ಹುಲ್ಲನ್ನು ಟಾರು ರಸ್ತೆಯ ಮೇಲೆ ಹರಡಿದ್ದರೆ ದೂರದಿಂದಲೇ ವೇಗ ಇಳಿಸಿ, ಅದರ ಮೇಲೆ ಹೋಗುವಾಗ ಬ್ರೇಕು ಮುಟ್ಟದಿರುವುದೇ ಕ್ಷೇಮ. ಉಳಿದ ಕಡೆ ನೇರವಾಗಿ ಹೋಗುತ್ತಿರುವಾಗ ಎರಡೂ ಬ್ರೇಕನ್ನು ಒಟ್ಟಿಗೆ, ಹಸುವಿನ ಮೊಲೆ ಹಿಂಡುವಂತೆ ಮೆಲ್ಲಗೆ ಆರಂಭಿಸಿ ಬಲ ಹೆಚ್ಚಿಸುತ್ತ ಹಿಡಿಯಬೇಕು. ಇದನ್ನು ದಿನವೂ ರೂಢಿ ಮಾಡಿದರೆ ಮಾತ್ರ ಆಪತ್ತಿನಲ್ಲಿ ಕೈ ತಾನಾಗಿ ಒದಗುತ್ತದೆ. ಭಯದಿಂದ ಬಳಸದೆ ಬಿಟ್ಟ ಬ್ರೇಕು ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದದ್ದು ಒಂದೋ ಹಿಡಿಯುವುದೇ ಇಲ್ಲ, ಇಲ್ಲವೇ ಒಮ್ಮೆಲೇ ಕಚ್ಚುತ್ತದೆ. ಅದರಿಂದ ಭಯ ಇನ್ನೂ ಹೆಚ್ಚುತ್ತದೆ. ಈ ಸುಳಿಯನ್ನು ಎಲ್ಲಾದರೂ ಕಡಿಯಬೇಕು.

15 ವರ್ಷ ದಾಟಿದ ಗಾಡಿಯ ನೋಂದಣಿಯನ್ನು ನವೀಕರಿಸಲು ಸಾರಿಗೆ ಕಚೇರಿಗೆ ಹೇಗೂ ಒಯ್ಯಬೇಕು. ರಾಜಾಜಿನಗರದ ಕಡೆಯವರಿಗೆ ಅದು ಕೆಎ 02ರ ಕಚೇರಿ. ಅಲ್ಲಿ ಪರೀಕ್ಷೆಗೆ ನಿಲ್ಲಿಸುವ ಹಿಂದಿನ ದಿನ ಮಾತ್ರ ಬ್ರೇಕು ಸರಿಪಡಿಸಿದರೆ ಕಾಗದಕ್ಕೆ ಮೊಹರು ಬೀಳುತ್ತದೆ, ಅಷ್ಟೇ. ಇಳಿಜಾರಿನಲ್ಲಿ ಕರು ಮೊಹರು ನೋಡಿ ಅಡ್ಡ ಬರುವುದಿಲ್ಲ.

ಚಿಕ್ಕಪ್ಪನವರ ಗಾಡಿಗೆ ಆ ದಿನ ಹಾಕಿದ್ದು ಒಂದು ಹೊಸ ಕೇಬಲ್, ಬೆರಳ ತುದಿಯಷ್ಟು ಗ್ರೀಸು. ತೋಳನ್ನು ಅದರ ಜಾಗಕ್ಕೆ ತಂದರು, ಶೂಗಳ ಹೊಳಪು ತೆಗೆದರು. ಶೂ ಬದಲಾಯಿಸಲಿಲ್ಲ. ಸಂಜೆ ಓಣಿಯಲ್ಲಿ ಒಂದು ಸುತ್ತು ಹೋಗಿ ಬಂದ ಚಿಕ್ಕಪ್ಪ ಹಿಡಿ ಒತ್ತಿದಾಗ ಫೋರ್ಕು ಬಾಗಿ ಗಾಡಿ ಅಲ್ಲೇ ನಿಂತಿತು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕಟ್ಟು ಬಿಚ್ಚಿದ ಮುಂಗೈಯನ್ನು ಸವರಿಕೊಂಡು, ‘ಇಷ್ಟೇನಾ?’ ಎಂದರು.

ನಾಳೆ ಬೆಳಿಗ್ಗೆ ಕ್ಯಾನು ಕಟ್ಟುವ ಮೊದಲು ನಿಮ್ಮ ಗಾಡಿಯನ್ನೂ ನಾಲ್ಕು ಹೆಜ್ಜೆ ತಳ್ಳಿ, ಮುಂದಿನ ಹಿಡಿಯನ್ನು ಒಮ್ಮೆ ಒತ್ತಿ ನೋಡಿರಿ.